ಪಡಾಂಗಿನ ನಾಗಪ್ಪ

ಕಬ್ಬಿಣದ ಮೇಲೆ ಹಾಲು ಒಣಗಿದಾಗ ಬರುವ ವಾಸನೆಯನ್ನು ನಾನು ನಮ್ಮ ಮನೆ ಬಿಟ್ಟು ಬೇರೆಲ್ಲೂ ಕಂಡಿಲ್ಲ. ಮೊದಲು ಹುಳಿ, ಆಮೇಲೆ ತುಕ್ಕು, ಎರಡರ ಮೇಲೂ ಅರಿಶಿನ. ಕುರುಗೋಡಿನ ಮನೆಯ ದೇವರ ಗೂಡಿನಲ್ಲಿ ನಾಗರ ಪಂಚಮಿಯ ಮಾರನೆಯ ದಿನ ಶುರುವಾದರೆ ಗಣಪತಿ ಹಬ್ಬದ ತನಕ ಇರುತ್ತಿತ್ತು. ಅವ್ವ ಆ ಕಡೆ ಕಸ ಗುಡಿಸುವಾಗ ಸೆರಗನ್ನು ಮೂಗಿಗೆ ಹಿಡಿಯುತ್ತಿದ್ದಳು. ಆದರೆ ಹಾಲೆರೆಯುವುದನ್ನು ಒಂದು ವರ್ಷವೂ ಬಿಟ್ಟವಳಲ್ಲ.

ಹಾಲೆರೆಯುತ್ತಿದ್ದುದು ಒಂದು ಕತ್ತಿಗೆ. ಮಹಾಯುದ್ಧ ಮುಗಿದ ಹೊಸದರಲ್ಲಿ ಅಪ್ಪ ಪಟಾಲಮ್ಮಿನ ಜೊತೆ ಸುಮಾತ್ರಾಕ್ಕೆ ಹೋಗಿ, ಪಡಾಂಗ್ ಎಂಬ ಊರಿನಲ್ಲಿ ಲಾರಿ ಓಡಿಸಿ ಬಂದಿದ್ದ. ಬರುವಾಗ ಟ್ರಂಕಿನಲ್ಲಿ ಇದನ್ನು ತಂದ. ಯಾರು ಕೊಟ್ಟರೆಂದು ಕೇಳಿದರೆ "ಒಬ್ಬ ಮುದುಕ" ಎನ್ನುತ್ತಿದ್ದ, ಅಷ್ಟೇ. ಮೊಳಕ್ಕಿಂತ ತುಸು ಕಡಿಮೆ ಉದ್ದ, ಹಾವು ಹರಿದಂತೆ ಡೊಂಕು ಡೊಂಕಾದ ಅಲಗು. ಅದನ್ನು ನೋಡಿದ ಕೂಡಲೇ ನಮ್ಮಜ್ಜಿ ಕೈಮುಗಿದು, ಹಿಡಿಕೆಗೆ ಹಳದಿ ಬಟ್ಟೆ ಸುತ್ತಿ, ಒಂದು ತಾಮ್ರದ ಕೊಡದ ತುಂಬ ಅಕ್ಕಿ ಹಾಕಿ, ಹಿಡಿಕೆಯನ್ನು ಅದರಲ್ಲಿ ಹೂತು ಅಲಗು ಮೇಲೆ ಬರುವಂತೆ ನಿಲ್ಲಿಸಿದಳಂತೆ. ಎದ್ದು ನಿಂತ ನಾಗಪ್ಪ. "ಅವ್ವಾ, ಅದು ಕತ್ತಿ, ಹಿಡಿಯೋದು ಆ ಕಡೆ" ಎಂದು ಅಪ್ಪ ಹೇಳಿದ್ದಕ್ಕೆ, "ಹಾವಿನ ಬಾಲ ಹಿಡದು ಯಾರರ ಪೂಜಿ ಮಾಡ್ತಾರೇನಲೇ?" ಎಂದು ಬಾಯಿ ಮುಚ್ಚಿಸಿದಳು. ಅಂದಿನಿಂದ ಪ್ರತಿ ಪಂಚಮಿಗೆ ಹಾಲು, ಕುಂಕುಮ, ಹೊಸ ಅಕ್ಕಿ, ಹಳೆಯ ಬಟ್ಟೆಯ ಮೇಲೆಯೇ ಇನ್ನೊಂದು ಬಟ್ಟೆ. ಅಜ್ಜಿಯಿಂದ ಅವ್ವನಿಗೆ, ಅವ್ವನಿಂದ ನಮ್ಮ ಅತ್ತಿಗೆ ಉಚ್ಚೆಂಗೆಮ್ಮನಿಗೆ ಈ ಪೂಜೆ ಬಂತು. ನಾನು ಓದಿಗೆಂದು ಬಳ್ಳಾರಿಗೆ ಬಂದವಳು ಇಲ್ಲೇ ಕಾಲೇಜಿನ ಲೈಬ್ರರಿಯಲ್ಲಿ ಕೆಲಸ ಮಾಡಿ ಇಲ್ಲೇ ಮುದುಕಿಯಾದೆ.

ಹೋದ ವರ್ಷ ಅಲಗಿನ ತುದಿ ತುಕ್ಕು ತಿಂದು ಉದುರಿತು. ನಮ್ಮಣ್ಣ ಎರ್ರೆಪ್ಪ ಅದನ್ನು ಪಂಚೆಯಲ್ಲಿ ಸುತ್ತಿಕೊಂಡು ಬಂದು, ಇಲ್ಲಿ ಕಂಟೋನ್ಮೆಂಟಿನ ಹಳೆಯ ಬಂಗಲೆಯಲ್ಲಿ ಒಂದು ಟ್ರಸ್ಟಿನವರು ನಡೆಸುವ ಸಣ್ಣ ಮ್ಯೂಸಿಯಮ್ಮಿಗೆ ಕೊಟ್ಟುಬಿಟ್ಟ. ಅತ್ತಿಗೆ ಅಳುತ್ತಿದ್ದಳು. "ಅಲ್ಲಿ ಹಗಲೂ ರಾತ್ರಿ ದೀಪ ಇರ್ತೈತಿ ಸುಮ್ನಿರು" ಎಂದು ಸಮಾಧಾನ ಮಾಡಿದ್ದ.

ಈಗ ಅದೇ ಅಣ್ಣ ಬಳ್ಳಾರಿಯ ಆಸ್ಪತ್ರೆಯೊಂದರಲ್ಲಿ ಮಂಚದ ಮೇಲಿದ್ದ. ಪಿತ್ತಕೋಶದಲ್ಲಿ ಕಲ್ಲು, ಕಲ್ಲಿನ ಸುತ್ತ ಕೀವು. ಆಪರೇಷನ್ ಆಗಬೇಕು, ನಾಳೆ ಬೆಳಿಗ್ಗೆಯೇ ಆಗಬೇಕು, ಸಂಜೆ ನಾಲ್ಕರೊಳಗೆ ಒಪ್ಪಿಗೆಯ ಸಹಿ ಬೇಕು ಎಂದು ಡಾಕ್ಟರು ಹೇಳಿಹೋಗಿದ್ದರು. ತಡವಾದರೆ ಕೀವು ಮೈಗೆ ಹರಡುತ್ತದೆ ಎಂದೂ ಹೇಳಿದ್ದರು. ಸಿರುಗುಪ್ಪದ ರೈಸ್ ಮಿಲ್ಲಿನಲ್ಲಿ ಕೆಲಸ ಮಾಡುವ ಅವನ ಮಗ ರಾಮಾಂಜಿನಿ ಹಿಂದಿನ ದಿನವೇ ಬಂದು ಸಹಿ ಹಾಕಲು ಕೈ ಚಾಚಿದ್ದ. ಅಣ್ಣ ತಡೆದ. "ನಿಮ್ಮವ್ವ ಹೂಂ ಅಂದ್ರ ನಾನೂ ಹೂಂ. ಆಕಿ ಬ್ಯಾಡ ಅಂದ್ರ ಬ್ಯಾಡ."

ಅತ್ತಿಗೆ ಬೇಡ ಎಂದಿದ್ದಳು.

ಕಾರಣ ಒಂದು ಫೋಟೋ. ಮೊಮ್ಮಗಳು ಅಕ್ಷಿತಾ ಮ್ಯೂಸಿಯಮ್ಮಿಗೆ ಹೋಗಿ ಮೊಬೈಲಿನಲ್ಲಿ ಕತ್ತಿಯ ಫೋಟೋ ತೆಗೆದು ಅಜ್ಜಿಗೆ ಖುಷಿಯಾಗಲೆಂದು ತೋರಿಸಿದ್ದಳು. ಅಲಗು ಬರಿದಾಗಿತ್ತು. ಎಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಹಚ್ಚಿದ ಕುಂಕುಮದ ಒಂದು ಚುಕ್ಕೆಯೂ ಅದರಲ್ಲಿರಲಿಲ್ಲ. ಅದಾದ ಹದಿನೈದು ದಿನಕ್ಕೆ ಅಣ್ಣನಿಗೆ ಹೊಟ್ಟೆನೋವು ಬಂತು.

"ಕುಂಕುಮ ಅಳಿಸ್ಯಾರ ನೀಲವ್ವ" ಎಂದು ಅತ್ತಿಗೆ ವಾರ್ಡಿನಲ್ಲಿ ನನ್ನ ಕೈ ಹಿಡಿದುಕೊಂಡಿದ್ದಳು. "ನಾನು ಈಗ ಸಹಿ ಹಾಕಿ, ನಾಳಿ ಒಳಗ ಏನರ ಆದ್ರ ನನ್ನ ಹಣಿ ಏನಾಗಬೇಕು? ಮೊದ್ಲು ಅದಕ್ಕ ಕುಂಕುಮ ಹಚ್ಚಿ ಬರ್ತೀನಿ, ಆಮ್ಯಾಲೆ ನೀವು ಎಲ್ಲಿ ಹೇಳ್ತೀರಿ ಅಲ್ಲಿ ಸಹಿ ಹಾಕ್ತೀನಿ." ಹೇಳಿದವಳೇ ನನ್ನ ಹಣೆ ನೋಡಿ ನಾಲಿಗೆ ಕಚ್ಚಿಕೊಂಡಳು. ನಮ್ಮ ಯಜಮಾನರು ಹೋಗಿ ಬಹಳ ವರ್ಷವಾಗಿದೆ, ನನಗೆ ಅದರ ನೋವು ಈಗ ಅಷ್ಟಿಲ್ಲ. ಆದರೂ ಅವಳು ನನ್ನ ಸೀರೆಯ ಸೆರಗನ್ನು ಸುಮ್ಮನೆ ಸರಿಪಡಿಸಿದಳು, ಕ್ಷಮೆ ಕೇಳುವವಳ ಹಾಗೆ.

ಪಕ್ಕದ ಮಂಚದವನ ತಾಯಿ ಎರ್ರಿ ಎಂಬಾಕೆ ಎಲೆ ಅಡಿಕೆ ಮೆಲ್ಲುತ್ತಾ ಎಲ್ಲಾ ಕೇಳಿಸಿಕೊಂಡಿದ್ದಳು. "ಗಂಡ ಇಲ್ಲಿ ನರಳಾಕ ಹತ್ಯಾನ, ಈಕಿ ಕಬ್ಬಿಣಕ್ಕ ಕುಂಕುಮ ಹಚ್ಚಾಕ ಹೊಂಟಾಳ. ಡಾಕ್ಟ್ರ ಕತ್ತರಿಗೂ ಒಂದೀಟು ಹಚ್ಚಿ ಹೋಗವ್ವ."

"ನಿನ್ನ ಬಾಯಿಗೆ ಹಚ್ತೀನಿ ತಡಿ" ಎಂದಳು ಅತ್ತಿಗೆ.

ಅಣ್ಣ ಮಂಚದ ಅಂಚಿನಲ್ಲಿ ಕುಳಿತೇ ಇದ್ದ. ಮಲಗಿದರೆ ನೋವು ಜಾಸ್ತಿ. ಒಂದು ಕೈ ಹೊಟ್ಟೆಗೆ ಅವಚಿ, ಗದ್ದ ಎದೆಗೆ ತಾಗುವಷ್ಟು ತಲೆ ಬಗ್ಗಿಸಿ, ಜ್ವರಕ್ಕೆ ಸಣ್ಣಗೆ ನಡುಗುತ್ತಿದ್ದ. "ಕರಕೊಂಡು ಹೋಗಿ ಬಾರವ್ವ ನೀಲಿ" ಎಂದ, ತಲೆ ಎತ್ತದೆ. "ಇಲ್ಲಾಂದ್ರ ಆಕಿ ಬಿಡಂಗಿಲ್ಲ."

ನನಗೆ ಮೂರು ರಾತ್ರಿಯಿಂದ ನಿದ್ದೆಯಿರಲಿಲ್ಲ. ಮಂಡಿಗಳು ಊದಿದ್ದವು. ಅಂಥದ್ದನ್ನು ನಂಬುವ ಶಕ್ತಿಯೂ ಇಲ್ಲ, ನಂಬಬೇಡವೆಂದು ವಾದ ಮಾಡುವ ಶಕ್ತಿಯೂ ಇಲ್ಲ ಎನ್ನುವ ಸ್ಥಿತಿ. ಅತ್ತಿಗೆಯ ಹಿಂದೆ ಮೆಟ್ಟಿಲಿಳಿದೆ. ಗೇಟಿನ ಬಳಿ ಆಟೋದವನು ನನ್ನ ನಡಿಗೆ ನೋಡಿ, ನಾನು ಕರೆಯುವ ಮೊದಲೇ ಗಾಡಿಯನ್ನು ತಿರುಗಿಸಿ ನನ್ನ ಕಾಲ ಬುಡಕ್ಕೇ ತಂದು ನಿಲ್ಲಿಸಿದ. ಅವನಿಗೆ ಅದು ನೆನಪೂ ಇರಲಾರದು.

ಮಧ್ಯಾಹ್ನದ ಬಿಸಿಲಿಗೆ ಕಂಟೋನ್ಮೆಂಟಿನ ರಸ್ತೆ ಖಾಲಿಯಿತ್ತು. ಬಂಗಲೆಯ ವೆರಾಂಡದಲ್ಲಿ ಕಾವಲುಗಾರ ವಿರೂಪಾಕ್ಷಿ ಟೋಪಿಯಿಂದ ಗಾಳಿ ಬೀಸಿಕೊಳ್ಳುತ್ತಿದ್ದ. ಒಳಗೆ ಮೊದಲ ಕೋಣೆಯಲ್ಲಿ ಸಂಗನಕಲ್ಲಿನ ಗುಡ್ಡದಲ್ಲಿ ಸಿಕ್ಕ ಕಲ್ಲಿನ ಕೊಡಲಿಗಳು, ಗಾಜಿನೊಳಗೆ ಸಾಲಾಗಿ.

"ಇವೇನಿವು?" ಅತ್ತಿಗೆ ನಿಂತಳು.

"ಭಾಳ ಹಿಂದಿನ ಕಲ್ಲು ಕಣಮ್ಮ. ಸಾವಿರಾರು ವರ್ಷದ್ದು" ಎಂದ ವಿರೂಪಾಕ್ಷಿ.

"ಕಲ್ಲಿಗೂ ಗ್ಲಾಸು ಹಾಕ್ಯಾರ ನೀಲವ್ವ. ನಿಮ್ಮಣ್ಣನ ಹೊಟ್ಟಿಯಾಗಿನವೂ ತಂದು ಇಲ್ಲೇ ಇಡ್ರಿ ಮತ್ತ."

ನನಗೆ ನಗು ಬಂತು, ಅವಳಿಗೂ ಬಂತು. ಅವಳು ಬೇಗ ನುಂಗಿಕೊಂಡಳು.

ಎರಡನೆಯ ಕೋಣೆ ಕತ್ತಲಾಗಿತ್ತು. "ದೀಪ ಎಲ್ಲೈತಿ? ಹಗಲೂ ರಾತ್ರಿ ಇರ್ತೈತಿ ಅಂದಿದ್ರು ನಮ್ಮ ಮನಿಯವರು."

"ಮಂದಿ ಬಂದಾಗ ಹಾಕ್ತೀವಮ್ಮ. ಕರೆಂಟ್ ಬಿಲ್ಲು ಜಾಸ್ತಿ ಬರ್ತೈತಿ" ಎಂದು ಅವನು ಗುಂಡಿ ಒತ್ತಿದ.

ಬೆಳಕು ಬಿದ್ದ ಕಡೆ ನಮ್ಮ ನಾಗಪ್ಪ ಅಡ್ಡ ಮಲಗಿದ್ದ. ನಾನು ಹುಟ್ಟಿದಾಗಿನಿಂದ ನೋಡಿದ ವಸ್ತು, ಆದರೆ ಗುರುತು ಹತ್ತಲು ಸ್ವಲ್ಪ ಹೊತ್ತೇ ಹಿಡಿಯಿತು. ಅಕ್ಕಿಯ ಕೊಡದಲ್ಲಿ ನಿಂತಾಗ ಅದು ಕೆಂಪಗೆ, ಜಿಡ್ಡಾಗಿ, ದಪ್ಪಗೆ ಕಾಣುತ್ತಿತ್ತು. ಇಲ್ಲಿ ಅಲಗು ತೆಳ್ಳಗೆ ಕಪ್ಪಗಿತ್ತು. ಕಪ್ಪಿನೊಳಗೆ ಬೆಳ್ಳಿಯ ಬಣ್ಣದ ಗೆರೆಗಳು ಒಂದರ ಪಕ್ಕ ಒಂದು ಹರಿದು, ಪ್ರತಿ ತಿರುವಿನಲ್ಲೂ ಕೂಡಿ ಮತ್ತೆ ಅಗಲುತ್ತಿದ್ದವು. ಸಿರುಗುಪ್ಪದ ಕಡೆ ಗದ್ದೆಗೆ ಬಿಟ್ಟ ಕಾಲುವೆ ನೀರು ಇಳಿದ ಮೇಲೆ ನುಣುಪು ಕೆಸರಿನಲ್ಲಿ ಉಳಿಯುತ್ತವಲ್ಲ, ಅಂಥ ಗೆರೆಗಳು. ಬುಡದ ಕಡೆ ಅಲಗು ಒಂದೇ ಪಕ್ಕಕ್ಕೆ ಅಗಲವಾಗಿ, ಅಲ್ಲಿ ಸಣ್ಣ ಸಣ್ಣ ಹಲ್ಲು ಕೊರೆದಿದ್ದರು. ತುದಿ ಉದುರಿದ ಜಾಗವನ್ನು ಹಾಗೆಯೇ ಬಿಟ್ಟಿದ್ದರು. ಅಪ್ಪ ಇದನ್ನು ಟ್ರಂಕಿನಲ್ಲಿಟ್ಟು ಅಷ್ಟು ದೂರ ತಂದದ್ದು ಯಾಕೆಂದು ನನಗೆ ಮೊದಲ ಸಲ ತಿಳಿಯಿತು. ಚೆನ್ನಾಗಿತ್ತು, ಅದಕ್ಕೇ ತಂದ.

ಅತ್ತಿಗೆ ಸೆರಗಿನ ತುದಿಯಿಂದ ಕುಂಕುಮದ ಪೊಟ್ಟಣ ಬಿಚ್ಚಿದಳು. "ತಗಿರಿ ಗ್ಲಾಸು."

ವಿರೂಪಾಕ್ಷಿ ಗಾಬರಿಯಾಗಿ ಒಳಗೆ ಹೋಗಿ ಮ್ಯೂಸಿಯಮ್ ನೋಡಿಕೊಳ್ಳುವ ಶೇಖರ್ ಎಂಬುವರನ್ನು ಕರೆತಂದ. ನಲವತ್ತರ ಆಸುಪಾಸಿನ ಮನುಷ್ಯ. ಊಟಕ್ಕೆ ಹೊರಟಿದ್ದರೇನೋ, ಕೈಯಲ್ಲಿ ಸ್ಕೂಟರಿನ ಕೀಲಿಯಿತ್ತು. ನಾನು ಯಾರೆಂದು ಹೇಳಿ, ಅಣ್ಣನ ಕಾಯಿಲೆ, ನಾಲ್ಕು ಗಂಟೆಯ ಗಡುವು, ಅತ್ತಿಗೆಯ ಹಟ, ಮೂರನ್ನೂ ಹೇಳಿದೆ. ಅವರು ಕೀಲಿಯನ್ನು ಜೇಬಿಗೆ ಹಾಕಿಕೊಂಡರು.

"ಎರ್ರೆಪ್ಪನೋರು ನನಗ ಚೆನ್ನಾಗಿ ಗೊತ್ತಮ್ಮ. ಆದ್ರ ಗಾಜಿನ ಪೆಟ್ಟಿಗಿ ಬೀಗದ ಕೈ ಟ್ರಸ್ಟಿನವರ ಹತ್ರ ಐತಿ, ಅವರು ಹೊಸಪೇಟಿಗೆ ಹೋಗ್ಯಾರ. ಇನ್ನ ಕುಂಕುಮ ಹಚ್ಚಿದ್ರ ಕಬ್ಬಿಣ ಮತ್ತ ಕೆಡ್ತೈತಿ. ಅದು ಉಳೀಲಿ ಅಂತನ ಅವರು ತಂದು ಕೊಟ್ಟಿದ್ದು."

"ಹಚ್ಚಿದ್ರ ಕೆಡ್ತೈತಿ, ಅಳಿಸಿದ್ರ ಛಲೋ ಇರ್ತೈತಿ? ಯಾವ ಊರಿನ ನ್ಯಾಯ ಇದು? ಮುತ್ತೈದಿ ಹಣಿಗೆ ಕೈ ಹಾಕಿದಂಗ ಮಾಡೀರಿ ನೀವು!" ಅತ್ತಿಗೆಯ ದನಿ ಬಂಗಲೆಯ ಎತ್ತರದ ಸೂರಿಗೆ ತಾಗಿ ಮರಳಿತು. "ಅಯ್ಯೋ ದೇವುಡಾ, ದೇವುಡಾ!" ಎಂದು ಅವಳು ತವರಿನ ತೆಲುಗಿಗೆ ತಿರುಗಿದಳು ಎಂದರೆ ಅಳು ಹತ್ತಿರದಲ್ಲಿದೆ ಎಂದರ್ಥ. ಅವಳು ಗಾಜಿನ ಪೆಟ್ಟಿಗೆಯ ಅಂಚು ಹಿಡಿದು ನಿಂತಳು. ಗಂಟೆ ಎರಡೂವರೆ ದಾಟಿತ್ತು. ನಾಲ್ಕಕ್ಕೆ ಈ ಹಟವನ್ನು ಹೊತ್ತುಕೊಂಡೇ ವಾಪಸು ಹೋಗಿ ಡಾಕ್ಟರಿಗೆ ಇಲ್ಲ ಎಂದು ಹೇಳಬೇಕಾಗುತ್ತದೆ, ಅಣ್ಣನ ಮುಖವನ್ನು ಹೇಗೆ ನೋಡುವುದು ಎಂದುಕೊಳ್ಳುತ್ತಾ ನಾನು ಗೋಡೆಗೆ ಒರಗಿದೆ.

ಅಷ್ಟರಲ್ಲಿ ವಿರೂಪಾಕ್ಷಿ ವೆರಾಂಡದಿಂದ ತನ್ನ ಮರದ ಸ್ಟೂಲನ್ನು ತಂದು ಅತ್ತಿಗೆಯ ಹಿಂದಿಟ್ಟ. "ಕುಂತು ಬೈಯ್ರಿ ಅಮ್ಮ" ಎಂದ.

ಸ್ಟೂಲು ಗಿಡ್ಡ. ಅತ್ತಿಗೆ ಕುಳಿತಾಗ ಅವಳ ಕಣ್ಣು ಗಾಜಿನ ಪೆಟ್ಟಿಗೆಯ ಕೆಳಭಾಗಕ್ಕೆ ಸರಿಯಾಗಿ ಬಂತು. ನಿಂತವರಿಗೆ ಬೆಳಕು ಬಿದ್ದ ಅಲಗೇ ಕಾಣುತ್ತದೆ, ಹಿಡಿಕೆ ಪೆಟ್ಟಿಗೆಯ ಚೌಕಟ್ಟಿನ ಮರೆಗೆ ಬೀಳುತ್ತದೆ. ಕುಳಿತ ಅವಳಿಗೆ ಹಿಡಿಕೆ ಕಂಡಿತು. ಬೈಯಲು ತೆರೆದ ಬಾಯಿ ಹಾಗೇ ನಿಂತಿತು.

"ಇವನ್ಯಾರು?"

ನಾನು ಬಗ್ಗಿ ನೋಡಿದೆ. ಹಿಡಿಕೆ ಮರದ್ದು, ಹೆಬ್ಬೆರಳಿಗಿಂತ ಸ್ವಲ್ಪ ದಪ್ಪ, ಜೇನಿನ ಬಣ್ಣ. ಅದು ಒಬ್ಬ ಮನುಷ್ಯನಾಗಿತ್ತು. ಹಕ್ಕಿಯ ಕೊಕ್ಕಿನಂಥ ಉದ್ದ ಮೂಗು. ಬೆನ್ನು ಬಾಗಿಸಿ, ತಲೆ ತಗ್ಗಿಸಿ, ಒಂದು ತೋಳನ್ನು ಹೊಟ್ಟೆಗೆ ಅವಚಿಕೊಂಡು, ಚಳಿ ಹಿಡಿದವನಂತೆ ಮುದುಡಿ ಕುಳಿತಿದ್ದ.

ಶೇಖರ್ ಅವಳ ಪಕ್ಕ ನೆಲದ ಮೇಲೆ ಕುಕ್ಕರುಗಾಲಲ್ಲಿ ಕುಳಿತರು. "ಅಲ್ಲಿ ಮಂದಿ ಇವನ್ನ ಜ್ವರ ಬಂದ ಜಾವಾದವ ಅಂತ ಕರೀತಾರಮ್ಮ. ಇಂಥ ಕತ್ತಿಗೆ ಕೆರಿಸ್ ಅಂತಾರ. ಆ ಸೀಮ್ಯಾಗ ಭಾಳ ಕೆರಿಸಿಗೆ ಇಂಥ ಹಿಡಿಕಿನ ಇರ್ತೈತಿ. ಯಾಕ ಹಿಂಗ ಕುಂತಾನ ಅಂತ ಒಬ್ಬೊಬ್ಬರು ಒಂದೊಂದು ಹೇಳ್ತಾರ."

"ಇಷ್ಟು ದಿನ ಎಲ್ಲಿದ್ದ ಈತ?"

"ನಿಮ್ಮನ್ಯಾಗ ಇದ್ದ. ಬಟ್ಟಿ ಒಳಗ. ಒಂದರ ಮ್ಯಾಲೊಂದು ಸುತ್ತಿದ್ರಲ್ಲ, ಎಣ್ಣಿ, ಅರಿಶಿಣ, ಅಕ್ಕಿ ಹಿಟ್ಟು ಸೇರಿ ಕಲ್ಲಾಗಿತ್ತು. ನೆನಸಿ ನೆನಸಿ ಒಂದೊಂದು ಪದರ ತಗದ್ವಿ. ಮೂಗು ಕಂಡ ಮ್ಯಾಲನ ಗೊತ್ತಾತು, ಒಳಗ ಒಬ್ಬಾಂವ ಅದಾನ ಅಂತ."

ಅತ್ತಿಗೆ ಗಾಜಿಗೆ ಹಣೆ ತಾಗುವಷ್ಟು ಮುಂದೆ ಬಾಗಿದಳು. "ತಲಿ ಕೆಳಗ ಮಾಡಿ ಹೂತಿದ್ವಿ" ಎಂದಳು, ಯಾರಿಗೂ ಅಲ್ಲ. "ಬಾಯಾಗ, ಮೂಗಿನಾಗ ಎಲ್ಲಾ ಅಕ್ಕಿ. ಜ್ವರ ಬಂದವನ್ನ. ನಾನು ಮೇಲಿನ ಕಬ್ಬಿಣಕ್ಕ ಹಾಲು ಎರದಿದ್ದೇ ಎರದಿದ್ದು." ಆಮೇಲೆ ಶೇಖರ್ ಕಡೆ ತಿರುಗಿ, "ಅಲ್ಲಿ ಮಂದೀನೂ ಇದಕ್ಕ ಪೂಜಿ ಮಾಡ್ತಾರೇನ್ರಿ?" ಎಂದು ಕೇಳಿದಳು.

"ಮಾಡ್ತಾರ. ಡೊಂಕಿದ್ರ ಹರಿಯೋ ನಾಗ, ನೆಟ್ಟಗಿದ್ರ ಮಲಗಿದ ನಾಗ ಅನ್ನೋರೂ ಅದಾರ."

"ನೋಡು!" ಅತ್ತಿಗೆ ನನ್ನ ಕಡೆ ತಿರುಗಿದಳು. "ನಿಮ್ಮಪ್ಪ ಕತ್ತಿ ಅಂದಿದ್ನಂತ. ನಿಮ್ಮಜ್ಜಿ ಶ್ಯಾಣ್ಯಾಕಿ."

"ಆದ್ರ ಹಾಲು ಎರಿಯಂಗಿಲ್ಲ. ನಿಂಬಿಹುಳಿ ಹಾಕಿ ತೊಳದು, ಒರಸಿ, ಎಣ್ಣಿ ಸವರತಾರ. ನಾವು ಈಗ ಎಣ್ಣಿ ಸವರೀವಿ ನೋಡ್ರಿ, ಹೊಳೀತೈತಲ್ಲ."

ಅವಳು ಅಲಗನ್ನು ನೋಡಲೇ ಇಲ್ಲ. ಕುಳಿತವನನ್ನೇ ನೋಡುತ್ತಿದ್ದಳು. "ಈತನ ಮುಖ ಯಾರು ತೊಳದ್ರು?"

"ನಾನ ತೊಳದೆ. ಹತ್ತಿಲಿ."

"ಕಣ್ಣು ಉಜ್ಜಲಿಲ್ಲಲ್ಲ?"

ಶೇಖರ್ ನಗಲಿಲ್ಲ. ಅದಕ್ಕಾಗಿ ನಾನು ಅವರಿಗೆ ಇವತ್ತಿಗೂ ಋಣಿ. "ಇಲ್ಲಮ್ಮ. ಕಣ್ಣಿನ ಹತ್ರ ಕಡ್ಡಿಗೆ ಹತ್ತಿ ಸುತ್ತಿಕೊಂಡು ನಿಧಾನಕ್ಕ ಒರಸೀನಿ. ಅದಕ್ಕ ಒಂದು ಇಡೀ ದಿನ ಹಿಡೀತು."

ಹೊರಗೆ ಯಾವುದೋ ಗಾಡಿ ಹೋದ ಸದ್ದು. ವಿರೂಪಾಕ್ಷಿ ಬಾಗಿಲಲ್ಲಿ ನಿಂತು ಟೋಪಿಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸುತ್ತಿದ್ದ. ನಾನು ಗಡಿಯಾರ ನೋಡುವ ಆಸೆಯನ್ನು ತಡೆದುಕೊಂಡೆ.

"ನಿಮ್ಮಣ್ಣ ಹಿಂಗ ಕುಂತಿರ್ತಾರ ನೀಲವ್ವ" ಎಂದಳು ಅತ್ತಿಗೆ. "ಥೇಟ್ ಹಿಂಗ. ಮುಂಜಾನಿ ಮುಖ ತೊಳಿಸ್ತೀನಲ್ಲ, ಆಗ ಒಂದೀಟು ತಲಿ ಎತ್ತಾರ. ಮತ್ತ ಹಿಂಗ." ಅವಳ ಅಂಗೈಯಲ್ಲಿದ್ದ ಪೊಟ್ಟಣ ಬೆವರಿಗೆ ಒದ್ದೆಯಾಗಿ ಕೆಂಪು ಸೋರಿತ್ತು. ಅದನ್ನು ಮತ್ತೆ ಮಡಿಸಿದಳು. "ತೊಳೀಬೇಕಂದ್ರ ಹಣಿ ಮ್ಯಾಲಿನ ವಿಭೂತಿ ಹೋಗೇ ಹೋಗ್ತೈತಿ. ನಾನು ದಿನಾ ಅಳಿಸ್ತೀನಿ. ಅವರಿಗೆ ಅದರಿಂದ ಏನಾತು?"

ಅವಳು ಕೇಳಿದ್ದು ನಮ್ಮನ್ನಲ್ಲ.

ಪೊಟ್ಟಣವನ್ನು ಸೆರಗಿನ ತುದಿಗೆ ಗಂಟು ಹಾಕಿ, ಸ್ಟೂಲಿನಿಂದ ಏಳಲು ನನ್ನ ಕಡೆ ಕೈ ಚಾಚಿದಳು. ನನಗೇ ನಿಲ್ಲಲು ಆಗುತ್ತಿರಲಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ಹಿಡಿದು ಎದ್ದೆವು. "ಎಷ್ಟಕ್ಕ ಹೇಳಬೇಕಂತ ಅಂದಿದ್ರು ಡಾಕ್ಟ್ರು?"

"ನಾಲ್ಕಕ್ಕೆ."

"ಮತ್ತ ಇಲ್ಲೇನು ನಿಂತೀ? ನಡಿ."

ಬಾಗಿಲ ತನಕ ಹೋದವಳು ತಿರುಗಿ, ಶೇಖರ್ ಅವರಿಗೆ, "ಈತನ ಎದರು ಭಾಳ ಹೊತ್ತು ದೀಪ ಹಾಕಬ್ಯಾಡ್ರಿ. ಜ್ವರಕ್ಕ ಕಣ್ಣು ಉರೀತಾವು" ಎಂದಳು. ಅವರು ಆಗಲಿ ಎಂದು ತಲೆಯಾಡಿಸಿ, ನಾವು ಮೆಟ್ಟಿಲಿಳಿಯುವ ಮೊದಲೇ ಸ್ಕೂಟರು ತಂದು, ರಸ್ತೆಯ ಕೊನೆಗೆ ಹೋಗಿ ನಮಗೊಂದು ಆಟೋ ಹಿಡಿದು ಕಳಿಸಿದರು.

ಆಸ್ಪತ್ರೆಗೆ ಬಂದಾಗ ಇನ್ನೂ ಕಾಲುಗಂಟೆ ಉಳಿದಿತ್ತು. ಅತ್ತಿಗೆ ಸಿಸ್ಟರ್ ಕೊಟ್ಟ ಕಾಗದದ ಮೇಲೆ ತನ್ನ ಹೆಸರನ್ನು ಒಂದೊಂದೇ ಅಕ್ಷರ ಬಿಡಿಸಿ ಬರೆದಳು. ಅಣ್ಣ ಅವಳು ಬರೆಯುವುದನ್ನು ನೋಡುತ್ತಿದ್ದು, ಅವಳ ಹೆಸರಿನ ಕೆಳಗೆ ತನ್ನದನ್ನು ಹಾಕಿದ.

"ಹಚ್ಚಿ ಬಂದ್ಯೇನಲೇ?" ಎಂದ.

"ಇಲ್ಲ."

"ಮತ್ತ?"

"ನಿಮ್ಮಂಗ ಒಬ್ಬಾಂವ ಕುಂತಾನ ಅಲ್ಲಿ. ಆತನ್ನ ನೋಡಿ ಬಂದೆ. ಆರಾಮಾಗಿ ಬರ್ರಿ, ಕರಕೊಂಡು ಹೋಗಿ ತೋರಿಸ್ತೀನಿ."

ಅವನಿಗೆ ಏನೂ ಅರ್ಥವಾಗಲಿಲ್ಲ. ಕೇಳುವ ಶಕ್ತಿಯೂ ಇರಲಿಲ್ಲ. ಎರ್ರಿ ಮಾತ್ರ ಪಕ್ಕದಿಂದ, "ಪರವಾಗಿಲ್ಲ, ಕಬ್ಬಿಣ ಬುದ್ಧಿ ಹೇಳಿ ಕಳಿಸೈತಿ" ಎಂದಳು. ಅತ್ತಿಗೆ ಸಹಿ ಹಾಕಿದ ಕಾಗದವನ್ನು ಸಿಸ್ಟರ್ ಕೈಗೆ ಕೊಟ್ಟಳು.

ನಾಳೆ ಏನಾಗುತ್ತದೋ ನನಗೆ ಗೊತ್ತಿರಲಿಲ್ಲ. ಅಣ್ಣನಿಗೆ ವಯಸ್ಸಾಗಿದೆ, ಎದೆಯೂ ಗಟ್ಟಿಯಿಲ್ಲ ಎಂದು ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದರು. ಸಹಿ ಸಿಕ್ಕಿತೆಂಬ ಸಮಾಧಾನ ಬರುವ ಮೊದಲೇ ಅದರ ಭಾರ ಬಂತು. ಗೋಡೆಯ ಪಕ್ಕದ ಬೆಂಚಿನ ಮೇಲೆ ಕುಳಿತು ಚಪ್ಪಲಿ ಬಿಟ್ಟೆ.

ಸಂಜೆ ಊಟದ ಗಾಡಿ ಬಂತು. ರೋಗಿಗೆ ಮಾತ್ರ ಒಂದು ತಟ್ಟೆ: ಎರಡು ಚಪಾತಿ, ಸ್ವಲ್ಪ ಹೀರೇಕಾಯಿ ಪಲ್ಯ, ಮೆತ್ತಗಿನ ಅನ್ನ, ತೆಳ್ಳನೆಯ ಸಾರು. "ಏನು ತಿಂತೀರೋ ಈಗಲೇ ತಿನ್ನಿ ಅಜ್ಜಾ, ಆಮೇಲೆ ನಾಳೆ ಆಪರೇಷನ್ ಆಗೋ ತನಕ ನೀರೂ ಇಲ್ಲ" ಎಂದು ಸಿಸ್ಟರ್ ಹೇಳಿಹೋದಳು.

ಅತ್ತಿಗೆ ಬಟ್ಟೆ ಒದ್ದೆ ಮಾಡಿ ತಂದು ಅವನ ಮುಖ ಒರೆಸಿದಳು. ಹಣೆ, ಕಿವಿಯ ಹಿಂದೆ, ಕೊನೆಗೆ ಕಣ್ಣಿನ ಮೂಲೆ. ಅಲ್ಲಿ ಬಟ್ಟೆಯ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಬಹಳ ನಿಧಾನವಾಗಿ. ಅವನು ತಲೆ ಎತ್ತಿಕೊಂಡೇ ಇದ್ದ. ಆಮೇಲೆ ಅನ್ನಕ್ಕೆ ಸಾರು ಕಲಸಿ ನಾಲ್ಕು ತುತ್ತು ತಿಂದ. ಸಾಕೆನ್ನಿಸಿರಬೇಕು. ಚಪಾತಿಗಳಲ್ಲಿ ಪಲ್ಯ ಹಾಕಿ ಮಡಿಸಿದ. ಡ್ರಿಪ್ಪಿನ ಸೂಜಿ ಚುಚ್ಚಿದ್ದ ಕೈ ಅದು, ಮಡಿಸಲು ಹೊತ್ತು ಹಿಡಿಯಿತು. ಮಡಿಸಿ ಅವಳ ಕಡೆ ಚಾಚಿದ.

"ನೀವು ತಿನ್ರಿ. ನಾಳಿ ಉಪವಾಸ ನಿಮಗ."

ಅವನು ಕೈಯನ್ನು ಹಿಂದೆ ತೆಗೆದುಕೊಳ್ಳಲಿಲ್ಲ. ಸೂಜಿಯ ಕೊಳವೆ ತೂಗಾಡುತ್ತಿತ್ತು. ಅದನ್ನು ನೋಡಲಾರದೆ ಅವಳು ಚಪಾತಿ ತೆಗೆದುಕೊಂಡಳು. ಒಂದನ್ನು ತಾನಿಟ್ಟುಕೊಂಡು, ಎದ್ದು ಬಂದು, ಇನ್ನೊಂದನ್ನು ನನ್ನ ಮಡಿಲಲ್ಲಿಟ್ಟಳು.